ಹಾಸನ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ: ಸಾವಿನ ಕಾರಣ ಬರೆಯುವ ಆ ಸಾಲನ್ನು ಸರಿಯಾಗಿ ಬರೆಸಿಕೊಡಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ನಮಸ್ಕಾರಗಳು.

ಮಾಜಿ ಸೈನಿಕರ ಯೋಗಕ್ಷೇಮ ನೋಡುವ ಜಿಲ್ಲಾ ಸೈನಿಕ ಮಂಡಳಿಗೆ ತಾವೇ ಅಧ್ಯಕ್ಷರು. ಜಿಲ್ಲೆಯ ಆಸ್ಪತ್ರೆಗಳಲ್ಲೂ ತಾಲ್ಲೂಕು ಕಚೇರಿಗಳಲ್ಲೂ ತಮ್ಮ ಮಾತು ನಡೆಯುತ್ತದೆ. ನಾನು ಕೇಳಬೇಕೆಂದಿರುವ ವಿಷಯಕ್ಕೆ ಈ ಮೂರೂ ಕಡೆಯವರು ಬೇಕಾಗಿರುವುದರಿಂದ ತಮಗೇ ಬರೆಯುತ್ತಿದ್ದೇನೆ. ಲಕೋಟೆಯಲ್ಲಿ ಹಾಕಿ ಕಳಿಸಬಹುದಿತ್ತು. ಆದರೆ ಇದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೂ ಓದಬೇಕು, ಗ್ರಾಮ ಆಡಳಿತಾಧಿಕಾರಿಯೂ ಓದಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನನ್ನಂಥ ಹೆಂಗಸರು ಓದಬೇಕು. ಅದಕ್ಕೇ ಬಹಿರಂಗ ಪತ್ರ.

ನಮ್ಮ ಯಜಮಾನರು ಸೇನೆಯಲ್ಲಿ ನಾಯಕ್ ಆಗಿದ್ದರು. ಈಶಾನ್ಯದ ಗಡಿಯಲ್ಲಿ ಡ್ಯೂಟಿಗೆ ಹೋಗುತ್ತಿದ್ದ ಲಾರಿ ಕಣಿವೆಗೆ ಉರುಳಿ ಅವರ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಅರಿವಿಲ್ಲ. ಮೆಡಿಕಲ್ ಬೋರ್ಡು ನೂರಕ್ಕೆ ನೂರು ಅಂಗವೈಕಲ್ಯ, ಸೇವೆಯಿಂದಲೇ ಆದದ್ದು ಎಂದು ಬರೆದು ಮನೆಗೆ ಕಳಿಸಿತು. ಆವತ್ತಿನಿಂದ ಅರಕಲಗೂಡು ತಾಲ್ಲೂಕಿನ ನಮ್ಮೂರಿನ ಮನೆಯ ನಡುಕೋಣೆಯೇ ಅವರ ಲೋಕ. ಹೊಗೆಸೊಪ್ಪು, ರಾಗಿ, ಈಚೆಗೆ ಒಂದಿಷ್ಟು ಶುಂಠಿ ಬೆಳೆಯುವ ಸಾಧಾರಣ ಮನೆ ನಮ್ಮದು.

ಸರ್ಕಾರ ಏನೂ ಕೊಟ್ಟಿಲ್ಲ ಎಂದು ದೂರಲು ನಾನು ಬರೆಯುತ್ತಿಲ್ಲ. ಅಂಗವೈಕಲ್ಯ ಪಿಂಚಣಿ ತಿಂಗಳು ತಿಂಗಳು ಬರುತ್ತದೆ. ಅದರಲ್ಲಿ ಎರಡು ಭಾಗ: ಮಾಡಿದ ಸೇವೆಗೆ ಒಂದು, ಆದ ಅಂಗವೈಕಲ್ಯಕ್ಕೆ ಇನ್ನೊಂದು. ನೂರಕ್ಕೆ ನೂರು ಇದ್ದವರಿಗೆ ಎರಡನೆಯ ಭಾಗ ಕೊನೆಯ ಸಂಬಳದ ಶೇ 30. ಯುದ್ಧದಲ್ಲೋ ಕಾರ್ಯಾಚರಣೆಯಲ್ಲೋ ಗಾಯಗೊಂಡವರಿಗೆ ಇದಕ್ಕಿಂತ ಹೆಚ್ಚಿನ ಯುದ್ಧಗಾಯ ಪಿಂಚಣಿ ಇದೆ. ಸೇವೆಯಿಂದ ಬಿಡಿಸಿ ಕಳಿಸಿದವರ ಅಂಗವೈಕಲ್ಯವನ್ನು 1996ರಿಂದ ಮೇಲಕ್ಕೆ ಹೊಂದಿಸುತ್ತಾರೆ. 50ಕ್ಕಿಂತ ಕಡಿಮೆ ಇದ್ದರೆ 50, ಅಲ್ಲಿಂದ 75ರವರೆಗೆ ಇದ್ದರೆ 75, ಅದಕ್ಕೂ ಮೇಲಿದ್ದರೆ 100. ಪೂರ್ತಿ ಸೇವೆ ಮುಗಿಸಿ ಬಂದವರಿಗೂ ಇದು ಸಲ್ಲಬೇಕೆಂದು 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ, ಹಾಸನದಲ್ಲೇ ಪಾಲಿಕ್ಲಿನಿಕ್ ಇದೆ, ಹೆಂಡತಿ ಮಕ್ಕಳ ಚಿಕಿತ್ಸೆಯೂ ಅದರಲ್ಲೇ ಆಗುತ್ತದೆ. ಇವೆಲ್ಲಕ್ಕೂ ನಾವು ಋಣಿಗಳು.

ಆದರೆ ಈ ಸವಲತ್ತುಗಳೆಲ್ಲ ನಿಂತಿರುವುದು ಅವರ ಹೆಸರಿನ ಮೇಲೆ. ಅವರು ಇರುವವರೆಗೆ ನಾನು ಆ ಕಾಗದಗಳಲ್ಲಿ ಒಂದು ಹೆಸರು ಮಾತ್ರ. ಅವರು ಹೋದ ಮರುದಿನವೇ ನಾನು ಯಾರು, ಅವರು ಹೇಗೆ ಹೋದರು ಎಂದು ನಾನೇ ರುಜುವಾತು ಮಾಡಬೇಕು. ಆ ರುಜುವಾತಿಗೆ ಬೇಕಾದ ಕಾಗದ ಹುಟ್ಟುವುದು ದೆಹಲಿಯಲ್ಲಲ್ಲ, ಪಿಂಚಣಿ ಮಂಜೂರು ಮಾಡುವ ಕಚೇರಿ ಇರುವ ಪ್ರಯಾಗರಾಜ್‌ನಲ್ಲೂ ಅಲ್ಲ, ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ, ನಾಡಕಚೇರಿಗಳಲ್ಲಿ. ಈ ಪತ್ರ ಅದರ ಬಗ್ಗೆ.

ನೂರಕ್ಕೆ ನೂರು ಎಂದರೆ ಮನೆಯೊಳಗೆ ಏನು ಎಂಬುದನ್ನು ಮೊದಲು ಸ್ವಲ್ಪ ಹೇಳಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಮೊಣಕಾಲು ಮಡಚಿ, ಒಂದು ಕೈ ಭುಜದ ಅಡಿಗೆ, ಇನ್ನೊಂದು ಕೈ ಸೊಂಟದ ಅಡಿಗೆ ಕೊಟ್ಟು ಉರುಳಿಸಬೇಕು, ಎಳೆಯಬಾರದು. ಎಳೆದರೆ ಚರ್ಮ ಕಿತ್ತು ಬರುತ್ತದೆ. ಮಗ್ಗುಲಾದ ಮೇಲೆ ಮೊಣಕಾಲುಗಳ ನಡುವೆ ದಿಂಬು ಇಡಬೇಕು. ಆಮೇಲೆ ಟಾರ್ಚ್ ಹಿಡಿದು ಬೆನ್ನಿನ ಬುಡದ ಮೂಳೆ, ಸೊಂಟದ ಮೂಳೆ, ಹಿಮ್ಮಡಿ ನೋಡಬೇಕು. ಕೆಂಪಗೆ ಕಂಡ ಕಡೆ ಬೆರಳಿನಿಂದ ಒತ್ತಬೇಕು. ಒತ್ತಿದ ಜಾಗ ಬಿಳಿಚಿಕೊಂಡರೆ ಪರವಾಗಿಲ್ಲ, ಕೆಂಪು ಹಾಗೇ ಉಳಿದರೆ ಒಳಗೆ ಹುಣ್ಣು ಶುರುವಾಗಿದೆ ಎಂದರ್ಥ. ಅವರಿಗೆ ಅಲ್ಲಿ ನೋವು ತಿಳಿಯುವುದಿಲ್ಲ. ಅವರ ನೋವನ್ನು ನಾನು ಕಣ್ಣಿನಿಂದ ನೋಡಿ ತಿಳಿಯಬೇಕು. ಮೂತ್ರದ ಚೀಲದ ಬಣ್ಣ ನೋಡಬೇಕು, ವಾಸನೆ ನೋಡಬೇಕು. ಮಂದವಾಗಿ ಮೋಡ ಕಟ್ಟಿದಂತಿದ್ದು, ಸಂಜೆಗೆ ಚಳಿ ಜ್ವರ ಬಂದರೆ ಕಾಯುತ್ತ ಕೂರುವ ಹಾಗಿಲ್ಲ. ಇದನ್ನೆಲ್ಲ ನನಗೆ ಕಲಿಸಿದವರು ಸೇನಾ ಆಸ್ಪತ್ರೆಯ ಒಬ್ಬ ನರ್ಸಿಂಗ್ ಅಸಿಸ್ಟೆಂಟ್. ಭಾಷೆ ಬರುತ್ತಿರಲಿಲ್ಲ, ಕೈ ಹಿಡಿದು ತೋರಿಸಿಕೊಟ್ಟರು. ಅವರ ಮಕ್ಕಳು ಚೆನ್ನಾಗಿರಲಿ.

ಈ ಆರೈಕೆಗೆಂದೇ ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲೋಯನ್ಸ್ ಎಂಬ ಭತ್ಯೆ ಇದೆ. ನೂರಕ್ಕೆ ನೂರು ಅಂಗವೈಕಲ್ಯ ಇದ್ದು, ಜೊತೆಗೆ ಒಬ್ಬರು ಇರಲೇಬೇಕೆಂದು ಬೋರ್ಡು ಶಿಫಾರಸು ಮಾಡಿದವರಿಗೆ ಮಾತ್ರ. ಏಳನೇ ವೇತನ ಆಯೋಗದ ನಂತರ 2017ರ ಜುಲೈನಿಂದ ಅದು ತಿಂಗಳಿಗೆ 6,750 ರೂಪಾಯಿ ಆಯಿತು. ತುಟ್ಟಿಭತ್ಯೆ ಶೇ 50 ಏರಿದಾಗ ಇದೂ ಶೇ 25 ಏರಬೇಕೆಂಬ ನಿಯಮವಿದೆ. ಶಿಫಾರಸಿನ ಆ ಒಂದು ಸಾಲು ಬೋರ್ಡಿನ ಕಾಗದದಲ್ಲಿ ಇದೆಯೋ ಇಲ್ಲವೋ ಎಂದು ಎಷ್ಟೋ ಮನೆಗಳಲ್ಲಿ ನೋಡಿಯೇ ಇಲ್ಲ. ಕಾಗದ ಇಂಗ್ಲಿಷಿನಲ್ಲಿದೆ, ಟ್ರಂಕಿನಲ್ಲಿದೆ, ದೇವರ ಫೋಟೋದ ಹಿಂದಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಸೈನಿಕ ತೀರಿಕೊಂಡ ಮೇಲೆ ಹೆಂಡತಿಗೆ ಸಿಗುವ ಪಿಂಚಣಿ ಒಂದೇ ಬಗೆಯದಲ್ಲ. ಯುದ್ಧ, ಭಯೋತ್ಪಾದಕರ ದಾಳಿ ಇಂಥ ಕಾರ್ಯಾಚರಣೆಯಲ್ಲಿ ಮಡಿದರೆ ಉದಾರೀಕೃತ ಕುಟುಂಬ ಪಿಂಚಣಿ, ಅಂದರೆ ಕೊನೆಯ ಸಂಬಳದಷ್ಟೇ. ಸೇವೆಯ ಕಾರಣದಿಂದ ಬಂದ ಗಾಯ ಅಥವಾ ಕಾಯಿಲೆಯಿಂದ ಸಾವು ಬಂತು ಎಂದು ಒಪ್ಪಿದರೆ ವಿಶೇಷ ಕುಟುಂಬ ಪಿಂಚಣಿ, ಸಂಬಳದ ಶೇ 60. ಎರಡೂ ಅಲ್ಲ ಎಂದರೆ ಸಾಮಾನ್ಯ ಕುಟುಂಬ ಪಿಂಚಣಿ. ಮೊದಲ ಕೆಲವು ವರ್ಷ ಹೆಚ್ಚಿನ ದರ ಇದ್ದರೂ ಆಮೇಲೆ ಅದು ಶೇ 30ಕ್ಕೆ ಇಳಿಯುತ್ತದೆ. ಸಂಬಳ 40,000 ಎಂದು ಹಿಡಿಯೋಣ. ಒಬ್ಬಳಿಗೆ 24,000, ಇನ್ನೊಬ್ಬಳಿಗೆ 12,000, ಅದರ ಮೇಲೆ ತುಟ್ಟಿಪರಿಹಾರ. ಜೀವಮಾನ ಪೂರ್ತಿ ಇದೇ ಅಂತರ.

ಈ ಇಬ್ಬರನ್ನು ಬೇರೆ ಮಾಡುವುದು ಯಾವುದು? ಬಹಳ ಸಲ ಡಾಕ್ಟರು ಬರೆಯುವ ಒಂದು ಸಾಲು.

ಬೆನ್ನುಹುರಿ ಹೋದವರು ಬೆನ್ನುಹುರಿಯಿಂದಲೇ ಸಾಯುವುದಿಲ್ಲ. ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿ ಸಾಯುತ್ತಾರೆ. ಬೆನ್ನಿನ ಹುಣ್ಣಿನ ನಂಜು ರಕ್ತಕ್ಕೆ ಸೇರಿ ಸಾಯುತ್ತಾರೆ. ಮಲಗಿದಲ್ಲೇ ಕಫ ಕಟ್ಟಿ ನ್ಯುಮೋನಿಯಾ ಆಗಿ ಸಾಯುತ್ತಾರೆ. ಕೊನೆಗೆ ಎಲ್ಲರದೂ ಹೃದಯ ನಿಲ್ಲುತ್ತದೆ. ಕಾಗದದಲ್ಲಿ ‘ಹೃದಯ ಸ್ತಂಭನ’ ಎಂದು ಬರೆದುಬಿಟ್ಟರೆ, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಲ್ಲಿ ಕೂತು ಓದುವವರಿಗೆ ಈ ಮನುಷ್ಯ ವರ್ಷಗಟ್ಟಲೆ ಮಂಚ ಹಿಡಿದಿದ್ದ ಎಂಬುದು ಹೇಗೆ ಗೊತ್ತಾಗಬೇಕು?

ಬೇಲೂರು ತಾಲ್ಲೂಕಿನ ಒಬ್ಬ ತಂಗಿಗೆ ಹೀಗೇ ಆಯಿತು. ಅವಳ ಗಂಡನಿಗೂ ಬೆನ್ನಿನದೇ ಪೆಟ್ಟು. ಹುಣ್ಣು ಮೂಳೆ ಮುಟ್ಟಿತ್ತು. ಜ್ವರ ಏರಿದ ರಾತ್ರಿ ಹತ್ತಿರದ ಆಸ್ಪತ್ರೆಗೆ ಸಾಗಿಸಿದರು, ಬೆಳಗಾಗುವುದರೊಳಗೆ ಹೋಗಿಬಿಟ್ಟರು. “ಡಾಕ್ಟ್ರು ಒಳ್ಳೇವ್ರೇ ಕಣಕ್ಕ, ರಾತ್ರಿಯೆಲ್ಲ ಪಕ್ಕದಲ್ಲೇ ಇದ್ರು. ಆದ್ರೆ ಕಾಗ್ದದಲ್ಲಿ ಬರೀ ಹಾರ್ಟ್ ಅಂತ ಬರ್ದ್‌ಬಿಟ್ಟವ್ರೆ” ಎಂದಳು. ವಿಶೇಷ ಪಿಂಚಣಿಗೆ ಹಾಕಿದ ಅರ್ಜಿ ವಾಪಸ್ಸು ಬಂತು. ಸಾವಿಗೂ ಅಂಗವೈಕಲ್ಯಕ್ಕೂ ಸಂಬಂಧ ಕಾಣುತ್ತಿಲ್ಲ ಎಂದಿತ್ತು. ಆ ಡಾಕ್ಟರು ದುರುದ್ದೇಶದಿಂದ ಬರೆದರೆಂದು ನಾನು ನಂಬುವುದಿಲ್ಲ. ಆ ಸಾಲಿನ ಮೇಲೆ ಒಂದು ಮನೆಯ ಅನ್ನ ನಿಂತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಿಯಮ ಏನು ಹೇಳುತ್ತದೆ ಎಂದು ಹುಡುಕಿ ಓದಿದೆ. 1982ರ ಅರ್ಹತಾ ನಿಯಮಗಳಲ್ಲಿ ಹೀಗಿತ್ತು. ಅಂಗವೈಕಲ್ಯ ಪಿಂಚಣಿ ಪಡೆಯುತ್ತಿದ್ದವರು ಮನೆಯಲ್ಲಿ ತೀರಿಕೊಂಡು, ಸಾವಿಗೆ ಆ ಅಂಗವೈಕಲ್ಯವೇ ಕಾರಣವೆಂದು ವೈದ್ಯಕೀಯವಾಗಿ ಖಚಿತವಾಗಿ ಹೇಳಲು ಆಗದಿದ್ದಾಗ, ಸೇವೆಯಿಂದ ಬಿಡಿಸಿದ ಏಳು ವರ್ಷದೊಳಗಿನ ಸಾವಾದರೆ ಸಂಶಯದ ಲಾಭ ಕುಟುಂಬಕ್ಕೆ. ಏಳು ವರ್ಷ ದಾಟಿದ್ದರೆ ಸಂಶಯದ ಲಾಭ ಸರ್ಕಾರಕ್ಕೆ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಸ್ವಾಮಿ. ಹೆಂಡತಿ ಸರಿಯಾಗಿ ನೋಡಿಕೊಳ್ಳದೆ ಗಂಡ ಬೇಗ ಹೋದರೆ ಸಂಶಯದ ಲಾಭ ಅವಳಿಗೆ. ಹುಣ್ಣಾಗಲು ಬಿಡದೆ, ಸೋಂಕಾಗಲು ಬಿಡದೆ, ನಿದ್ದೆಗೆಟ್ಟು ಅವನನ್ನು ಎಂಟನೆಯ ವರ್ಷಕ್ಕೆ ದಾಟಿಸಿದರೆ ಅದು ಅವಳ ಕೈಬಿಟ್ಟು ಹೋಗುತ್ತದೆ. ಬರೆದವರು ಹೀಗೆ ಯೋಚಿಸಿ ಬರೆದಿರಲಾರರು. ಆದರೆ ಬರೆದದ್ದರ ಫಲ ಇದೇ. ಆಮೇಲೆ 2008ರಲ್ಲಿ ಹೊಸ ನಿಯಮ ಬಂತು, 2023ರ ಸೆಪ್ಟೆಂಬರ್‌ನಲ್ಲಿ ಮತ್ತೊಂದು ಬಂತು. ಸಾವಿಗೂ ಸೇವೆಯಲ್ಲಿ ಆದ ಪೆಟ್ಟಿಗೂ ನಂಟಿದೆ ಎಂದು ಕಾಗದದಲ್ಲಿ ಕಾಣಬೇಕಾದ ಅಗತ್ಯ ಮಾತ್ರ ಹೋಗಿಲ್ಲ. ದೆಹಲಿಯ ನಿಯಮ ತಿದ್ದುವುದು ತಮ್ಮ ಕೈಯಲ್ಲಿಲ್ಲ. ಕಾಗದದಲ್ಲಿ ಅದು ಕಾಣುವ ಹಾಗೆ ಮಾಡುವುದು ತಮ್ಮ ಕೈಯಲ್ಲಿದೆ.

ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರಕ್ಕೆ ಎರಡು ನಮೂನೆಗಳಿವೆ: ಆಸ್ಪತ್ರೆಯಲ್ಲಿ ತೀರಿಕೊಂಡರೆ ನಮೂನೆ 4, ಮನೆಯಲ್ಲಿ ತೀರಿಕೊಂಡರೆ ನಮೂನೆ 4ಎ. ಸಾವು ತಂದ ರೋಗ, ಗಾಯ ಅಥವಾ ತೊಡಕನ್ನು ಬರೆಯಿರಿ, ಹೃದಯ ವೈಫಲ್ಯ, ನಿಶ್ಶಕ್ತಿ ಎಂದು ಸಾಯುವ ಬಗೆಯನ್ನು ಬರೆಯಬೇಡಿ ಎಂದು ಆ ನಮೂನೆಯಲ್ಲೇ ಅಚ್ಚಾಗಿದೆ. ಮೊದಲ ಸಾಲಿನಲ್ಲಿ ತಕ್ಷಣದ ಕಾರಣ, ಅದರ ಕೆಳಗೆ ಅದನ್ನು ತಂದದ್ದು, ಅದರ ಕೆಳಗೆ ಮೂಲ ಕಾರಣ. ರಕ್ತದ ನಂಜು, ಅದನ್ನು ತಂದದ್ದು ಒತ್ತು ಹುಣ್ಣು, ಅದನ್ನು ತಂದದ್ದು ಬೆನ್ನುಹುರಿಯ ಪೆಟ್ಟು. ಮೂರು ಸಾಲು ತುಂಬಿದರೆ ಆಯಿತು. ನೋಂದಣಿ ಮಾಡಿಸಿದಾಗ ಕೊಡುವ ಮರಣ ಪ್ರಮಾಣಪತ್ರದಲ್ಲಿ ಕಾರಣ ಇರುವುದಿಲ್ಲ, ಅದು ಈ ನಮೂನೆಯಲ್ಲಿ ಮಾತ್ರ ಇರುತ್ತದೆ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯಂತೆ ಅದರ ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಗೂ ಕೊಡಬೇಕು. ಹೆಣ ಸಾಗಿಸುವ ಅವಸರದಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಕೊಡುವುದೂ ಇಲ್ಲ. ದಯವಿಟ್ಟು ಕೇಳಿ ಇಸಿದುಕೊಳ್ಳಿ ಎಂದು ಇದನ್ನು ಓದುತ್ತಿರುವ ಅಕ್ಕತಂಗಿಯರಿಗೆ ಹೇಳುತ್ತೇನೆ. ಅದರ ಜೊತೆಗೆ ಬೋರ್ಡಿನ ಕಾಗದ, ಪಿಪಿಒ ಎಂಬ ಪಿಂಚಣಿ ಆದೇಶ, ಸೇನೆಯ ಡಿಸ್ಚಾರ್ಜ್ ಬುಕ್, ಕೊನೆಯ ವರ್ಷಗಳ ಆಸ್ಪತ್ರೆ ಚೀಟಿಗಳನ್ನು ಒಂದೇ ಫೈಲಿನಲ್ಲಿ ಇಟ್ಟಿರಿ. ಒಂದೊಂದು ಜ್ವರದ ಚೀಟಿಯೂ ಬೇಕಾಗುತ್ತದೆ.

ಮನೆಯಲ್ಲೇ ತೀರಿಕೊಂಡವರ ಕಷ್ಟ ಇನ್ನೂ ದೊಡ್ಡದು. ನಮ್ಮ ಕಡೆ ಮನೆಯಲ್ಲಿ ಸಾವಾದರೆ ಡಾಕ್ಟರನ್ನು ಕರೆಸುವ ರೂಢಿಯಿಲ್ಲ. ನೆಂಟರು ಬರುವುದರೊಳಗೆ ಗುಂಡಿ ತೋಡಿ ಆಗಿರುತ್ತದೆ. ಹಾಸಿಗೆ ಹಿಡಿದ ಸೈನಿಕನ ಮನೆಯಲ್ಲಿ ಸಾವಾಯಿತೆಂದು ಆಶಾ ಕಾರ್ಯಕರ್ತೆಗೆ ತಿಳಿದ ಕೂಡಲೇ ಪಿಎಚ್‌ಸಿ ಡಾಕ್ಟರು ಬಂದು ನೋಡಿ 4ಎ ಬರೆದುಕೊಡುವಂತೆ ತಾವು ಒಂದು ಸುತ್ತೋಲೆ ಹೊರಡಿಸಬಹುದು. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ಗೆ, ತಾಲ್ಲೂಕು ಆಸ್ಪತ್ರೆಗಳಿಗೆ, ಖಾಸಗಿ ನರ್ಸಿಂಗ್ ಹೋಮ್‌ಗಳಿಗೂ ಅದೇ ಸುತ್ತೋಲೆ ಹೋಗಲಿ. ಸತ್ತವರು ಅಂಗವೈಕಲ್ಯ ಪಿಂಚಣಿದಾರರೇ ಎಂದು ಒಂದು ಮಾತು ಕೇಳಿ, ಹೌದಾದರೆ ಬೋರ್ಡಿನ ಕಾಗದ ನೋಡಿ ಮೂಲ ಕಾರಣದ ಸಾಲು ತುಂಬಲಿ. ಇಲ್ಲದ ಸಂಬಂಧ ಹೊಸೆದು ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ಇದ್ದದ್ದನ್ನು ಪೂರ್ತಿ ಬರೆಯಿರಿ ಎಂದಷ್ಟೇ.

ಎರಡನೆಯದು ಹೆಸರಿನ ಪಾಡು. ಸೇವಾ ದಾಖಲೆಯಲ್ಲಿ ಪುಟ್ಟಲಕ್ಷ್ಮಿ, ಆಧಾರ್‌ನಲ್ಲಿ ಪುಟ್ಟಲಕ್ಷ್ಮಮ್ಮ, ಪಡಿತರ ಚೀಟಿಯಲ್ಲಿ ಲಕ್ಷ್ಮಮ್ಮ, ಬ್ಯಾಂಕಿನಲ್ಲಿ ಇಂಗ್ಲಿಷಿನ ಒಂದು ಅಕ್ಷರ ಆಚೆ ಈಚೆ. ನಮ್ಮ ಜಿಲ್ಲೆಯಲ್ಲಿ ಇಂಥ ಹೆಸರಿನ ಹೆಂಗಸರು ಊರಿಗಿಷ್ಟು ಮಂದಿ ಸಿಗುತ್ತಾರೆ. ಪಿಂಚಣಿ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ಕಂಪ್ಯೂಟರಿಗೆ ಪುಟ್ಟಲಕ್ಷ್ಮಿ ಬೇರೆ, ಪುಟ್ಟಲಕ್ಷ್ಮಮ್ಮ ಬೇರೆ. ಯಜಮಾನರು ಬದುಕಿರುವಾಗ ಅವರೇ ಸಹಿ ಮಾಡಿ ದಾಖಲೆ ಜೊತೆಗೆ ಕಳಿಸಿದರೆ ರೆಕಾರ್ಡ್ ಆಫೀಸಿನವರು ಪಾರ್ಟ್ ಟು ಆರ್ಡರ್ ಎಂಬ ದಾಖಲೆ ತಿದ್ದುವ ಆದೇಶ ಹೊರಡಿಸಿ ತಿದ್ದುತ್ತಾರೆ. ಅವರು ಹೋದ ಮೇಲೆ ಅದೇ ತಿದ್ದುಪಡಿಗೆ ಅಫಿಡವಿಟ್ಟು, ವಂಶವೃಕ್ಷ, ಮಹಜರು, ಮತ್ತೆ ಅಫಿಡವಿಟ್ಟು. ರೆಕಾರ್ಡ್ ಆಫೀಸು ಎಲ್ಲಿದೆ ಎಂದೇ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿನವರಿಗೆ ವೆಲಿಂಗ್ಟನ್, ಫಿರಂಗಿದಳದವರಿಗೆ ನಾಸಿಕ್ ರೋಡ್, ಯಂತ್ರ, ವಾಹನ ರಿಪೇರಿಯ ಇಎಂಇ ದಳದವರಿಗೆ ಸಿಕಂದರಾಬಾದ್. ಒಂದೇ ಹೋಬಳಿಯ ನಾಲ್ಕು ಮನೆಯವರು ನಾಲ್ಕು ದಿಕ್ಕಿಗೆ ಪತ್ರ ಬರೆಯಬೇಕು, ಅದೂ ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ.

ನವೆಂಬರ್ ಬಂತೆಂದರೆ ಜೀವಿತ ಪ್ರಮಾಣ ಪತ್ರ. ರಾಮನಾಥಪುರ, ಕೊಣನೂರು ಕಡೆಯ ಹೆಂಗಸರ ಕೈ ಹೊಗೆಸೊಪ್ಪಿನ ಅಂಟಿನಿಂದ ಕಪ್ಪಾಗಿ, ಬೆರಳ ಗೆರೆ ಸವೆದಿರುತ್ತದೆ. ಯಂತ್ರ ಬೆರಳು ಹಿಡಿಯುವುದಿಲ್ಲ. ಮುಖ ತೋರಿಸಿ ಮೊಬೈಲಿನಲ್ಲೇ ಮಾಡುವ ದಾರಿ ಈಗ ಇದೆ, ಅದನ್ನು ಗ್ರಾಮ ಒನ್ ಕೇಂದ್ರದ ಹುಡುಗರಿಗೆ ಒಂದು ದಿನ ಕೂರಿಸಿ ಹೇಳಿಕೊಟ್ಟರೆ ಸಾಕು. ಮಲಗಿದವರನ್ನು ಆಟೋದಲ್ಲಿ ಹೊತ್ತು ತರುವುದು ತಪ್ಪುತ್ತದೆ.

ಮೂರನೆಯದು ಮಕ್ಕಳು. ಇಲ್ಲಿ ಸವಲತ್ತು ಕಡಿಮೆಯಿಲ್ಲ, ತಿಳಿವಳಿಕೆ ಕಡಿಮೆ. ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ 2006-07ರಿಂದ ಇದೆ. ವೃತ್ತಿಪರ ಪದವಿ ಓದುವ ಮಾಜಿ ಸೈನಿಕರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500. ದೇಶಕ್ಕೆಲ್ಲ ವರ್ಷಕ್ಕೆ 5,500 ಜನಕ್ಕೆ. ಪ್ರವೇಶಕ್ಕೆ ಬೇಕಾದ ಪರೀಕ್ಷೆಯಲ್ಲಿ ಶೇ 60 ಅಂಕ ಇರಬೇಕು. ಸೇವೆಯಲ್ಲಿ ಅಂಗವಿಕಲರಾದವರ ಮಕ್ಕಳಿಗೆ ಆದ್ಯತೆ ಇದೆ ಎಂಬುದು ನಮ್ಮ ಊರುಗಳಲ್ಲಿ ಕೇಳಿದವರೇ ಕಡಿಮೆ. ಕಾರ್ಯಾಚರಣೆಯಲ್ಲಿ ಮಡಿದವರ, ಶಾಶ್ವತ ಅಂಗವಿಕಲರಾದವರ ಮಕ್ಕಳ ಶಾಲಾ ಶುಲ್ಕ ಭರಿಸುವ ಯೋಜನೆಗೆ 2017ರಲ್ಲಿ ತಿಂಗಳಿಗೆ 10,000ದ ಮಿತಿ ಹಾಕಿದ್ದರು, 2018ರ ಮಾರ್ಚ್‌ನಲ್ಲಿ ಅದನ್ನು ತೆಗೆದರು. ಹವಾಲ್ದಾರ್ ದರ್ಜೆಯವರೆಗಿನವರ ಮಕ್ಕಳಿಗೆ ಕೇಂದ್ರೀಯ ಸೈನಿಕ ಮಂಡಳಿಯ ಶಿಕ್ಷಣ ಸಹಾಯ 2025ರ ನವೆಂಬರ್ 1ರಿಂದ ತಿಂಗಳಿಗೆ 1,000ದಿಂದ 2,000ಕ್ಕೆ ಏರಿದೆ, ಇಬ್ಬರು ಮಕ್ಕಳವರೆಗೆ. ಮಗಳ ಮದುವೆಯ ಸಹಾಯ 50,000ದಿಂದ ಒಂದು ಲಕ್ಷಕ್ಕೆ ಏರಿದೆ. ಪಿಂಚಣಿಯೇ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಮತ್ತು ಅಂಥವರ ವಿಧವೆಯರಿಗೆ ತಿಂಗಳಿಗೆ ಸಿಗುತ್ತಿದ್ದ 4,000 ಈಗ 8,000. ಇವುಗಳಲ್ಲಿ ಹೆಚ್ಚಿನವಕ್ಕೆ ಅರ್ಜಿ ಹೋಗುವುದು ಹಾಸನದ ಸೈನಿಕ ಕಲ್ಯಾಣ ಕಚೇರಿಯ ಮೂಲಕವೇ. ಈ ಅಂಕಿಗಳನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲು ಎಷ್ಟು ಖರ್ಚಾದೀತು?

ಮನೆಯಲ್ಲಿ ಬುದ್ಧಿಮಾಂದ್ಯ ಅಥವಾ ಅಂಗವಿಕಲ ಮಗು ಇದ್ದರೆ ಮಾತ್ರ ಈ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು. ಅಂಥ ಮಗುವಿಗೆ, ಸ್ವಂತ ದುಡಿಮೆಯಿಂದ ಬದುಕಲು ಆಗದಿದ್ದರೆ, ತಂದೆತಾಯಿಯ ನಂತರ ಜೀವನ ಪರ್ಯಂತ ಕುಟುಂಬ ಪಿಂಚಣಿ ಉಂಟು. ಆದರೆ ಆ ಮಗುವಿನ ಹೆಸರು ತಂದೆ ಬದುಕಿರುವಾಗಲೇ ದಾಖಲೆಗೆ ಸೇರಿದ್ದರೆ ಸುಲಭ, ಇಲ್ಲದಿದ್ದರೆ ಕಷ್ಟ. ಮದುವೆ ಸಂಬಂಧಕ್ಕೆ ಅಡ್ಡಿ ಬಂದೀತೆಂದು ಅಂಥ ಮಗುವನ್ನು ಕಾಗದದಲ್ಲಿ ತೋರಿಸದೆ ಇರುವ ಮನೆಗಳನ್ನು ನಾನು ನೋಡಿದ್ದೇನೆ. ತಾಯಿಯರೇ, ಹಾಗೆ ಮಾಡಬೇಡಿ. ನೀವು ಹೋದ ಮೇಲೆ ಆ ಮಗುವಿಗೆ ಇರುವ ಆಧಾರ ಅದೊಂದೇ. ಜಿಲ್ಲಾಧಿಕಾರಿಗಳೇ, 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಡಿ ಬುದ್ಧಿಮಾಂದ್ಯ ಮಕ್ಕಳಿಗೆ ಪೋಷಕರನ್ನು ನೇಮಿಸುವ ಸ್ಥಳೀಯ ಸಮಿತಿಗೂ ತಾವೇ ಅಧ್ಯಕ್ಷರು. ಆ ಸಮಿತಿ ಕೂತಾಗ ಸೈನಿಕ ಕಲ್ಯಾಣ ಕಚೇರಿಯವರನ್ನೂ ಕರೆಸಿಕೊಂಡರೆ ಪೋಷಕ ಪತ್ರ ಮತ್ತು ಪಿಂಚಣಿ ದಾಖಲೆ ಎರಡೂ ಒಂದೇ ಓಟಕ್ಕೆ ಮುಗಿಯುತ್ತವೆ.

ಅಂಗವೈಕಲ್ಯ ಇದ್ದೂ ಪಿಂಚಣಿ ನಿರಾಕರಿಸಲ್ಪಟ್ಟವರ ಸಂಗತಿ ಬೇರೆಯೇ ಒಂದು ಪತ್ರಕ್ಕೆ ಆಗುವಷ್ಟಿದೆ. ಒಂದು ಮಾತು ಮಾತ್ರ ಹೇಳುತ್ತೇನೆ. ಮೂರ್ಛೆರೋಗದ ಕಾರಣಕ್ಕೆ ಮನೆಗೆ ಕಳಿಸಲ್ಪಟ್ಟ ಧರ್ಮವೀರ್ ಸಿಂಗ್ ಎಂಬ ಸಿಪಾಯಿಯ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಸೇನೆಗೆ ಸೇರುವಾಗ ಕಾಯಿಲೆಯ ಉಲ್ಲೇಖ ದಾಖಲೆಯಲ್ಲಿ ಇಲ್ಲದಿದ್ದರೆ, ಅವನು ಆರೋಗ್ಯವಂತನಾಗಿಯೇ ಸೇರಿದ್ದ ಎಂದು ತಿಳಿಯಬೇಕು. ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದು ತೋರಿಸುವ ಹೊಣೆ ಸೇನೆಯದು. ನಿರಾಕರಣೆಯ ಪತ್ರ ಬಂದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಆಮೇಲೆ ಎರಡನೆಯದು, ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅರಸೀಕೆರೆಯ, ಸಕಲೇಶಪುರದ ಹಳ್ಳಿಯ ಹೆಂಗಸು ಈ ದಾರಿ ಒಬ್ಬಳೇ ನಡೆಯಲಾರಳು. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ವೀರ ಪರಿವಾರ ಸಹಾಯತಾ ಯೋಜನೆ ಆರಂಭಿಸಿತು. ಸೈನಿಕ ಮಂಡಳಿಗಳಲ್ಲಿ ಉಚಿತ ಕಾನೂನು ನೆರವಿನ ಕೇಂದ್ರ ತೆರೆಯುವುದೇ ಅದರ ಉದ್ದೇಶ. ನಮ್ಮ ಜಿಲ್ಲೆಯಲ್ಲಿ ವಾರದ ಯಾವ ದಿನ, ಎಷ್ಟು ಗಂಟೆಗೆ ವಕೀಲರು ಕೂರುತ್ತಾರೆ ಎಂಬುದನ್ನು ಪತ್ರಿಕೆಗಳಲ್ಲಿ ಹಾಕಿಸಿ, ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಹಾಕಿಸಿ.

ಮುಂದೆ ಬರುವವರನ್ನೂ ನೆನೆಯಬೇಕು. ನಮ್ಮ ಹುಡುಗರು ಈಗ ಅಗ್ನಿವೀರರಾಗಿ ಹೋಗುತ್ತಿದ್ದಾರೆ. ಸೇವೆಯ ಕಾರಣದಿಂದ ಅಂಗವೈಕಲ್ಯ ಬಂದರೆ ಅವರಿಗೆ ಯೋಜನೆ ಹೇಳುವುದು ಒಂದು ಸಲದ ಪರಿಹಾರ: ನೂರಕ್ಕೆ ನೂರಾದರೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ. ತಿಂಗಳ ಪಿಂಚಣಿಯಲ್ಲ. ಇಪ್ಪತ್ತರ ಹರೆಯದಲ್ಲಿ ಮಂಚ ಹಿಡಿದ ಹುಡುಗನ ಮುಂದಿನ ನಲವತ್ತು ವರ್ಷವನ್ನು ನಾನು ನನ್ನ ರಾತ್ರಿಗಳಿಂದ ಅಳೆಯುತ್ತೇನೆ. ಆ ಹಣ ಒಮ್ಮೆಗೆ ಕೈಗೆ ಬಂದಾಗ ಮನೆಯವರಿಗೆ ಬುದ್ಧಿ ಹೇಳಲು, ಅದು ಸಾಲಕ್ಕೋ ಸೈಟಿಗೋ ಕರಗದಂತೆ ನೋಡಲು ಜಿಲ್ಲೆಯಲ್ಲಿ ಯಾರಾದರೂ ಇರಬೇಕು.

2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಪಾತದಲ್ಲಿ ನಮ್ಮ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ್ ಮಡಿದಾಗ ಜಿಲ್ಲೆಗೆ ಜಿಲ್ಲೆಯೇ ಅತ್ತಿತು. ಅದು ಆಗಬೇಕಾದದ್ದೇ. ಮಡಿದವರ ಮನೆಗೆ ಮಂತ್ರಿಗಳು ಬರುತ್ತಾರೆ, ಅಧಿಕಾರಿಗಳು ಬರುತ್ತಾರೆ, ದಾಖಲೆ ಮನೆ ಬಾಗಿಲಿಗೇ ಬರುತ್ತದೆ. ಅರ್ಧ ಜೀವ ಗಡಿಯಲ್ಲಿ ಬಿಟ್ಟು ಇನ್ನರ್ಧ ಜೀವದಲ್ಲಿ ಮನೆಗೆ ಬಂದವರು ವರ್ಷಗಳ ನಂತರ ಸದ್ದಿಲ್ಲದೆ ಹೋದಾಗ, ಅವರ ಹೆಂಡತಿ ಒಬ್ಬಳೇ ಬಸ್ಸು ಹತ್ತಿ ಹಾಸನಕ್ಕೆ ಬರುತ್ತಾಳೆ. ಶಕ್ತಿ ಯೋಜನೆಯಿಂದ ಟಿಕೆಟಿನ ದುಡ್ಡು ಉಳಿಯಬಹುದು, ಆ ದಿನದ ಕೂಲಿ ಉಳಿಯುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇದು. ಅಂಗವೈಕಲ್ಯ ಪಿಂಚಣಿ ಪಡೆಯುವ ಮಾಜಿ ಸೈನಿಕರ ಪಟ್ಟಿಯನ್ನು ತಾಲ್ಲೂಕುವಾರು ಮಾಡಿಸಿ. ಸೈನಿಕ ಕಲ್ಯಾಣ ಕಚೇರಿಯವರು, ಗ್ರಾಮ ಆಡಳಿತಾಧಿಕಾರಿ, ಆಶಾ ಕಾರ್ಯಕರ್ತೆ ಮೂವರೂ ಸೇರಿ ಅವರು ಬದುಕಿರುವಾಗಲೇ ಪ್ರತಿ ಮನೆಗೆ ಒಮ್ಮೆ ಹೋಗಲಿ. ಪಿಪಿಒದಲ್ಲಿ ಹೆಂಡತಿಯ ಹೆಸರು ಮತ್ತು ಹುಟ್ಟಿದ ದಿನಾಂಕ ಆಧಾರ್‌ಗೆ ಹೊಂದುತ್ತದೆಯೇ, ಮಕ್ಕಳೆಲ್ಲರ ಹೆಸರು ಇದೆಯೇ, ಜಂಟಿ ಖಾತೆ ಇದೆಯೇ, ಆರೈಕೆ ಭತ್ಯೆಯ ಶಿಫಾರಸು ಬೋರ್ಡಿನ ಕಾಗದದಲ್ಲಿ ಇದ್ದೂ ಹಣ ಬರುತ್ತಿಲ್ಲವೇ ಎಂದು ನೋಡಲಿ. ತಪ್ಪಿದ್ದರೆ ಅಲ್ಲೇ ಅರ್ಜಿ ಬರೆದು ಸಹಿ ಹಾಕಿಸಿಕೊಂಡು ಬರಲಿ. ಸಾವಿನ ಕಾರಣದ ಸುತ್ತೋಲೆಗೆ ಮಾತ್ರ ಈ ಪಟ್ಟಿಗಾಗಿ ಕಾಯಬೇಡಿ, ಅದು ಈ ವಾರವೇ ಹೊರಡಬಹುದಾದದ್ದು. ಮನೆಯಲ್ಲಿ ಆರೈಕೆ ಮಾಡುವ ಹೆಂಗಸರಿಗೆ ಹಿಮ್ಸ್‌ನ ನರ್ಸಿಂಗ್ ವಿಭಾಗದವರಿಂದ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಿಸಿದರೆ ಎಷ್ಟೋ ಹುಣ್ಣುಗಳು ಆಗುವುದೇ ಇಲ್ಲ. ಅಂಥ ತರಬೇತಿಗೆ ಕೈ ಹಿಡಿದು ತೋರಿಸುವವರು ಬೇಕೆಂದರೆ ನಾನು ಬರುತ್ತೇನೆ. ನನಗೆ ಒಬ್ಬರು ಕಲಿಸಿದ್ದನ್ನು ಹತ್ತು ಜನಕ್ಕೆ ಕಲಿಸಬಲ್ಲೆ.

ಡಿಸೆಂಬರ್ 7ರಂದು ಧ್ವಜ ದಿನ ಬರುತ್ತದೆ. 1949ರಿಂದ ನಡೆದುಬಂದಿರುವ ದಿನ ಅದು. ಆವತ್ತಿನ ಸಭೆಯಲ್ಲಿ ಎಷ್ಟು ನಿಧಿ ಸಂಗ್ರಹವಾಯಿತು ಎಂದು ಓದುವಾಗ, ಎಷ್ಟು ಮನೆಗಳಿಗೆ ಹೋಗಿ ಬಂದರು, ಎಷ್ಟು ಹೆಸರು ತಿದ್ದಿಸಿದರು, ಆ ವರ್ಷ ತೀರಿಕೊಂಡ ಎಷ್ಟು ಅಂಗವಿಕಲ ಸೈನಿಕರ ನಮೂನೆಯಲ್ಲಿ ಮೂಲ ಕಾರಣದ ಸಾಲು ತುಂಬಿದೆ ಎಂಬುದನ್ನೂ ತಾಲ್ಲೂಕುವಾರು ಓದಿಸಬೇಕೆಂದು ಕೇಳಿಕೊಳ್ಳುತ್ತೇನೆ. ಬೇಲೂರಿನ ಆ ತಂಗಿಯ ಮೇಲ್ಮನವಿಯ ಅವಧಿ ಇನ್ನೂ ಮುಗಿದಿಲ್ಲ. ಅವಳ ಫೈಲನ್ನು ಮೊದಲ ಕೇಸಾಗಿ ತೆಗೆದುಕೊಳ್ಳುವ ವಕೀಲರು ಸಿಕ್ಕರೆ, ಅವಳನ್ನು ನಾನೇ ಕರೆದುಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಂಗವಿಕಲ ಮಾಜಿ ಸೈನಿಕರ ಹೆಂಡತಿ
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ